ದಿನ ತುಂಬದೆ ಹುಟ್ಟಿದ ಮಗುವಿನೊಂದಿಗೆ ದೂರದ ಕಾರು ಪ್ರಯಾಣ

ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ಮನೆಮಾತಿನಲ್ಲಿ ಅದು ದಿನ ತುಂಬದ ಕೂಸು. ಹುಟ್ಟಿದ ಮೇಲೆ ಕೆಲವು ದಿನ, ಕೆಲವೊಮ್ಮೆ ಎರಡು ಮೂರು ತಿಂಗಳು, ಇಂಥ ಮಕ್ಕಳು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಬೆಳೆಯುತ್ತವೆ. ಕರ್ನಾಟಕದಲ್ಲಿ ತೀರಾ ಸಣ್ಣ ಮಕ್ಕಳನ್ನು ನೋಡಿಕೊಳ್ಳಬಲ್ಲ ಘಟಕಗಳು ಹೆಚ್ಚಾಗಿ ಇರುವುದು ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯಂಥ ಊರುಗಳಲ್ಲಿ. ಮನೆ ಇರುವುದು ಬೇರೆಲ್ಲೋ. ಅದರ ಮೇಲೆ ಬಾಣಂತನಕ್ಕೆ ತವರಿಗೆ ಹೋಗುವ ರೂಢಿಯೂ ಸೇರಿ, ಎರಡು ಕಿಲೋ ತೂಗುವ ಕೂಸಿನ ಮೊದಲ ಪ್ರಯಾಣವೇ ನೂರು, ಇನ್ನೂರು, ಮುನ್ನೂರು ಕಿಲೋಮೀಟರಿನದಾಗಿಬಿಡುತ್ತದೆ.

ಈ ಪ್ರಯಾಣದಲ್ಲಿ ಎರಡು ಬಗೆಯ ಅಪಾಯಗಳಿವೆ. ಒಂದು ರಸ್ತೆ ಅಪಘಾತ. ಅದು ಎಲ್ಲರಿಗೂ ಗೊತ್ತು. ಇನ್ನೊಂದು, ಅಪಘಾತವೇನೂ ಆಗದೆ, ಕಾರು ಸುಗಮವಾಗಿ ಓಡುತ್ತಿರುವಾಗಲೇ ಮಗುವಿನ ಉಸಿರು ಕಟ್ಟುವುದು. ಇದು ಸದ್ದಿಲ್ಲದೆ ಆಗುತ್ತದೆ, ಮೇಲ್ನೋಟಕ್ಕೆ ನಿದ್ದೆಯಂತೆಯೇ ಕಾಣುತ್ತದೆ. ಆದ್ದರಿಂದ ಪ್ರಯಾಣದ ಸಿದ್ಧತೆಯೆಲ್ಲ ಮಗುವಿನ ಉಸಿರಾಟವನ್ನು ಅರಿತುಕೊಳ್ಳುವುದರಿಂದ ಶುರುವಾಗಬೇಕು.

ಉಸಿರು ಏಕೆ ಕಟ್ಟುತ್ತದೆ

ನವಜಾತ ಶಿಶು ನಿಮಿಷಕ್ಕೆ 30ರಿಂದ 60 ಬಾರಿ ಉಸಿರಾಡುತ್ತದೆ. ಆ ಉಸಿರು ಗಡಿಯಾರದಂತೆ ಒಂದೇ ಲಯದಲ್ಲಿ ಇರುವುದಿಲ್ಲ. ಐದರಿಂದ ಹತ್ತು ಸೆಕೆಂಡು ನಿಂತು ಮತ್ತೆ ಬೇಗಬೇಗ ಹೊರಡುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಉಸಿರು 20 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ, ಇಲ್ಲವೇ ಅದಕ್ಕಿಂತ ಕಡಿಮೆ ಹೊತ್ತು ನಿಂತರೂ ಜೊತೆಗೆ ನಾಡಿ ನಿಧಾನವಾದರೆ ಅಥವಾ ಮೈ ನೀಲಿಗಟ್ಟಿದರೆ ಅದು ಕಾಯಿಲೆಯ ಲಕ್ಷಣ. ವೈದ್ಯರು ಇದನ್ನು ಅಪ್ನಿಯಾ ಎನ್ನುತ್ತಾರೆ. ಉಸಿರಾಟವನ್ನು ನಡೆಸುವ ಮೆದುಳಿನ ಕೇಂದ್ರ ಇನ್ನೂ ಮಾಗದಿರುವುದೇ ಇದಕ್ಕೆ ಮುಖ್ಯ ಕಾರಣ. ಹೆಚ್ಚಿನ ಮಕ್ಕಳಲ್ಲಿ ಗರ್ಭದ ವಾರ, ಹುಟ್ಟಿದ ಮೇಲಿನ ವಾರ ಎರಡನ್ನೂ ಕೂಡಿಸಿ 36–37 ವಾರವಾಗುವ ಹೊತ್ತಿಗೆ ಇದು ನಿಲ್ಲುತ್ತದೆ. 28 ವಾರಕ್ಕೂ ಮೊದಲೇ ಹುಟ್ಟಿದವರಲ್ಲಿ 43–44 ವಾರದವರೆಗೂ ಮುಂದುವರಿಯಬಹುದು.

ಕಾರಿನಲ್ಲಿ ಇದರ ಜೊತೆಗೆ ಭಂಗಿಯ ತೊಂದರೆಯೂ ಸೇರಿಕೊಳ್ಳುತ್ತದೆ. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತಿಗೆ ಬಲವಿಲ್ಲ. ಸ್ವಲ್ಪ ನೆಟ್ಟಗೆ ಕೂರಿಸಿದರೂ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ. ಶ್ವಾಸನಾಳ ಮೆತ್ತಗಿನ ಸಣ್ಣ ಕೊಳವೆ. ಕತ್ತು ಬಾಗಿದಾಗ ಅದು ಇನ್ನಷ್ಟು ಕಿರಿದಾಗುತ್ತದೆ. ಪಕ್ಕೆಲುಬುಗಳೂ ಮೃದುವಾಗಿರುವುದರಿಂದ ಎದೆಗೆ ಬಲವಾಗಿ ಗಾಳಿ ಎಳೆದುಕೊಳ್ಳುವ ಶಕ್ತಿ ಇಲ್ಲ. ದಿನ ತುಂಬಿದ ಮಗುವಾದರೆ ಉಸಿರು ಸಾಲದಾದಾಗ ಎಚ್ಚರಗೊಂಡು ಅಳುತ್ತದೆ, ಕತ್ತು ಹೊರಳಿಸುತ್ತದೆ. ದಿನ ತುಂಬದ ಕೂಸು ಅಷ್ಟು ಕೂಡ ಮಾಡದೆ ಸುಮ್ಮನೆ ಮಂಕಾಗಬಹುದು. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಓಡುವ ಕಾರಿನಂತೆ ಅಲುಗಾಡುವ ಸೀಟಿನಲ್ಲಿ ನವಜಾತ ಶಿಶುಗಳನ್ನು ಅರ್ಧ ಗಂಟೆ ಕೂರಿಸಿ ನೋಡಿದರು. ಮಟ್ಟಸವಾಗಿ ಮಲಗಿದ್ದಾಗಿನದಕ್ಕಿಂತ ಉಸಿರಾಟ ಮತ್ತು ಹೃದಯದ ಬಡಿತ ಹೆಚ್ಚಿದವು, ರಕ್ತದ ಆಮ್ಲಜನಕ ಇಳಿಯಿತು. ನಿಂತ ಕಾರಿನಲ್ಲಿ ನೆಮ್ಮದಿಯಾಗಿದ್ದ ಮಗು ಓಡುವ ಕಾರಿನಲ್ಲೂ ಹಾಗೆಯೇ ಇರುತ್ತದೆಂದು ನಂಬುವಂತಿಲ್ಲ.

ಹೊರಡುವ ಮುನ್ನ ಕೇಳಬೇಕಾದ ಪ್ರಶ್ನೆ

ಮೊದಲ ಪ್ರಶ್ನೆ, ಈ ಪ್ರಯಾಣ ಈಗಲೇ ಬೇಕೇ ಎಂಬುದು. ಆಸ್ಪತ್ರೆಯಿಂದ ಬಿಡುಗಡೆಯಾಯಿತು ಎಂದರೆ ಮಗು ಮನೆಯಲ್ಲಿರಬಹುದು ಎಂದರ್ಥ. ಎಂಟು ಗಂಟೆ ಕಾರಿನಲ್ಲಿರಬಹುದು ಎಂದಲ್ಲ. ಬಿಡುಗಡೆಗೆ ಮುನ್ನ ಸಾಮಾನ್ಯವಾಗಿ ವೈದ್ಯರು ನೋಡುವುದು ಇಷ್ಟು: ಐದರಿಂದ ಏಳು ದಿನ ಉಸಿರು ನಿಂತ ಪ್ರಸಂಗ ಇರಬಾರದು, ಹೊರಗಿನ ಕಾವಿಲ್ಲದೆ ಮೈ ಬೆಚ್ಚಗಿರಬೇಕು, ನಳಿಕೆಯ ಸಹಾಯವಿಲ್ಲದೆ ಹಾಲು ಕುಡಿಯಬೇಕು, ತೂಕ ದಿನದಿನಕ್ಕೆ ಏರುತ್ತಿರಬೇಕು. ಉಸಿರಾಟ ಸರಿಯಿರಲೆಂದು ಕೊಡುವ ಕೆಫೀನ್ ಔಷಧಿಯನ್ನು ನಿಲ್ಲಿಸಿ ಎಷ್ಟು ದಿನವಾಯಿತು ಎಂಬುದನ್ನು ಕೇಳಿ ತಿಳಿಯಬೇಕು. ಊರು ಎಷ್ಟು ದೂರ, ಎಂಥ ರಸ್ತೆ, ಎಂಥ ವಾಹನ ಎಂಬುದನ್ನು ಡಿಸ್ಚಾರ್ಜಿನ ದಿನ ಬೆಳಿಗ್ಗೆ ಹೇಳುವ ಬದಲು ನಾಲ್ಕೈದು ದಿನ ಮೊದಲೇ ವೈದ್ಯರಿಗೆ ತಿಳಿಸಿದರೆ ಅವರ ಸಲಹೆಗೂ ಅರ್ಥ ಬರುತ್ತದೆ.

ಲಸಿಕೆ ಹಾಕಿಸಿದ ಮತ್ತು ಕಣ್ಣಿನ ತಪಾಸಣೆ ಮಾಡಿಸಿದ ಮೊದಲ ಎರಡು ಮೂರು ದಿನಗಳಲ್ಲಿ ತೀರಾ ಬೇಗ ಹುಟ್ಟಿದ ಕೆಲವು ಮಕ್ಕಳಿಗೆ ಉಸಿರು ಕಟ್ಟುವುದು ಮರುಕಳಿಸುತ್ತದೆ. ಲಸಿಕೆಯನ್ನೂ ತಪಾಸಣೆಯನ್ನೂ ಇದಕ್ಕೆ ಹೆದರಿ ಬಿಡಬಾರದು. ಅದೇ ದಿನ ಸಂಜೆ ದೂರದ ಊರಿಗೆ ಹೊರಡಬಾರದು, ಅಷ್ಟೆ. ಎರಡು ದಿನ ಆಸ್ಪತ್ರೆಯ ಹತ್ತಿರದಲ್ಲೇ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು ಹೊರಟರೆ ಆ ಖರ್ಚಿಗೆ ಪೂರ್ಣ ಬೆಲೆಯಿದೆ. ಮಗು ಮನೆಯ ವಾತಾವರಣಕ್ಕೆ ಹೊಂದಿಕೊಂಡದ್ದನ್ನು ನೋಡಲೂ ಸಮಯ ಸಿಗುತ್ತದೆ. ನಾಮಕರಣ, ಮದುವೆ, ಹರಕೆ ಇವೆಲ್ಲ ಕಾಯಬಲ್ಲವು. ಅವುಗಳಿಗಾಗಿ ಈ ತಿಂಗಳುಗಳಲ್ಲಿ ಕೂಸನ್ನು ರಸ್ತೆಗೆ ಇಳಿಸಬಾರದು.

ಇಲ್ಲಿ ಹೇಳುತ್ತಿರುವುದೆಲ್ಲ ಆರೋಗ್ಯ ಸ್ಥಿರವಾಗಿ ಮನೆಗೆ ಹೊರಟ ಮಗುವಿನ ವಿಚಾರ. ಕಾಯಿಲೆಯಲ್ಲಿರುವ ಶಿಶುವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಬೇರೆಯೇ ಕೆಲಸ. ಅದಕ್ಕೆ ಸಜ್ಜಾದ ಆಂಬ್ಯುಲೆನ್ಸ್ ಮತ್ತು ತರಬೇತಿ ಪಡೆದ ಸಿಬ್ಬಂದಿ ಬೇಕು. ಸ್ವಂತ ಕಾರು ಅದಕ್ಕೆ ಸಲ್ಲದು.

ಸೀಟಿನ ಪರೀಕ್ಷೆ

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 37 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳಿಗೆ ಬಿಡುಗಡೆಗೆ ಮುನ್ನ ಒಂದು ಪರೀಕ್ಷೆ ಮಾಡುವಂತೆ ಸೂಚಿಸಿದೆ. ಮನೆಗೆ ಒಯ್ಯುವ ಬೇಬಿ ಸೀಟಿನಲ್ಲೇ ಮಗುವನ್ನು ಕೂರಿಸಿ, ಪಟ್ಟಿ ಕಟ್ಟಿ, 90ರಿಂದ 120 ನಿಮಿಷ, ಪ್ರಯಾಣ ಅದಕ್ಕಿಂತ ಉದ್ದವಾಗಿದ್ದರೆ ಅಷ್ಟು ಹೊತ್ತು, ಉಸಿರಾಟ, ನಾಡಿ, ಆಮ್ಲಜನಕದ ಮಟ್ಟ ಮೂರನ್ನೂ ಮಾನಿಟರಿನಲ್ಲಿ ನೋಡುತ್ತಾರೆ. ಉಸಿರು 20 ಸೆಕೆಂಡು ನಿಂತರೆ, ನಾಡಿ 80ಕ್ಕಿಂತ ಕೆಳಗಿಳಿದರೆ, ಆಮ್ಲಜನಕ ಶೇ 90ಕ್ಕಿಂತ ಕಡಿಮೆಯಾಗಿ ಹಾಗೆಯೇ ಉಳಿದರೆ ಮಗು ಆ ಸೀಟಿಗೆ ಸಿದ್ಧವಿಲ್ಲ ಎಂದು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ಕೆಲವು ದಿನ ಬಿಟ್ಟು ಮತ್ತೆ ನೋಡುತ್ತಾರೆ.

ಈ ಪರೀಕ್ಷೆಯ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಕೆನಡಾದ ಮಕ್ಕಳ ವೈದ್ಯರ ಸಂಘ 2016ರಲ್ಲಿ, ಎಲ್ಲ ಮಕ್ಕಳಿಗೂ ಕಡ್ಡಾಯವಾಗಿ ಇದನ್ನು ಮಾಡಲು ಸಾಕಷ್ಟು ಆಧಾರವಿಲ್ಲ ಎಂದಿತು. ಪಾಸಾದ ಮಗುವಿಗೂ ಮರುದಿನ ತೊಂದರೆ ಬರಬಹುದು ಎಂಬುದು ನಿಜ. ಆದರೂ ಮುಂದೆ ಐದಾರು ಗಂಟೆಯ ದಾರಿ ಇದ್ದಾಗ, ನರ್ಸು ಪಕ್ಕದಲ್ಲಿರುವ ಕೋಣೆಯಲ್ಲೇ ಮಗುವನ್ನು ಸೀಟಿನಲ್ಲಿ ಕೂರಿಸಿ ನೋಡುವುದರಿಂದ ನಷ್ಟವಿಲ್ಲ. ರಾಜ್ಯದ ಬಹುತೇಕ ಆಸ್ಪತ್ರೆಗಳಲ್ಲಿ ಇದು ವಾಡಿಕೆಯಲ್ಲಿಲ್ಲ; ತಂದೆತಾಯಿಯೇ ಸೀಟು ತಂದು ಕೇಳಬೇಕಾಗುತ್ತದೆ. ಕೇಳಲು ಸಂಕೋಚಪಡಬಾರದು.

ಮಡಿಲು, ಸೀಟು, ಅಳತೆ

ಕರ್ನಾಟಕದಲ್ಲಿ ಹಸುಗೂಸು ಕಾರಿನಲ್ಲಿ ಪ್ರಯಾಣಿಸುವುದು ಅಜ್ಜಿಯ ಅಥವಾ ತಾಯಿಯ ಮಡಿಲಲ್ಲಿ. ಪ್ರೀತಿಯಲ್ಲಿ ಅದಕ್ಕಿಂತ ಸುರಕ್ಷಿತ ಜಾಗವಿಲ್ಲ, ಆದರೆ ಭೌತವಿಜ್ಞಾನ ಬೇರೆ ಮಾತು ಹೇಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಢಿಕ್ಕಿಯಾಗಿ ಅರ್ಧ ಮೀಟರಿನಲ್ಲಿ ನಿಂತರೆ, ಎರಡು ಕಿಲೋ ಮಗುವನ್ನು ತಡೆಹಿಡಿಯಲು ಸುಮಾರು 40 ಕಿಲೋ ಭಾರ ಹಿಡಿಯುವಷ್ಟು ಬಲ ಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಯಾರ ಕೈಗೂ ಅದು ಸಾಧ್ಯವಿಲ್ಲ. ತಾಯಿ ಬೆಲ್ಟಿಲ್ಲದೆ ಕೂತಿದ್ದರೆ ಆಕೆಯ ಮೈಭಾರವೇ ಮಗುವಿನ ಮೇಲೆ ಬೀಳುತ್ತದೆ. ತಾಯಿಯ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟುವುದು ಇನ್ನೂ ಕೆಟ್ಟದ್ದು. ಬೆಲ್ಟಿಗೂ ತಾಯಿಗೂ ನಡುವೆ ಮಗು ಜಜ್ಜಿಹೋಗುತ್ತದೆ. ಕಾನೂನೂ ಮಡಿಲನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿಸಿದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದೆ ವಾಹನ ಓಡಿಸಿದರೆ ಒಂದು ಸಾವಿರ ರೂಪಾಯಿ ದಂಡ.

ಸೀಟು ಕೊಳ್ಳುವಾಗ ಬೆಲೆ, ಬಣ್ಣ ನೋಡುವ ಮೊದಲು ಅದರ ಮೇಲಿನ ಚೀಟಿಯಲ್ಲಿ ಕನಿಷ್ಠ ತೂಕ ಎಷ್ಟೆಂದು ಓದಬೇಕು. ಇದೇ ಬಹಳ ಮಂದಿ ಎಡವುವ ಜಾಗ. ಹಲವು ಸೀಟುಗಳು ಸುಮಾರು 2.2 ಕಿಲೋದಿಂದ ಶುರುವಾಗುತ್ತವೆ, 1.8 ಕಿಲೋದಿಂದಲೇ ಬಳಸಬಹುದಾದವು ಕಡಿಮೆ. ಇಲ್ಲಿಯ ಅನೇಕ ಆಸ್ಪತ್ರೆಗಳು 1.8 ಕಿಲೋ ಆಸುಪಾಸಿನ, ಚೆನ್ನಾಗಿ ಹಾಲು ಕುಡಿಯುವ ಮಗುವನ್ನೂ ಮನೆಗೆ ಕಳಿಸುತ್ತವೆ. ಅಂದರೆ ಅಂಗಡಿಯ ಸೀಟು ಮಗುವಿಗೆ ದೊಡ್ಡದಾಗುವ ಸಾಧ್ಯತೆಯೇ ಹೆಚ್ಚು. ಭುಜದ ಪಟ್ಟಿ ಹೊರಬರುವ ಅತಿ ಕೆಳಗಿನ ಸೀಳು ಸೀಟಿನ ತಳದಿಂದ 25 ಸೆಂಟಿಮೀಟರಿಗಿಂತ ಕಡಿಮೆ ಎತ್ತರದಲ್ಲಿರಬೇಕು. ತೊಡೆಸಂದಿನ ಪಟ್ಟಿಗೂ ಬೆನ್ನೊರಗಿಗೂ ನಡುವಿನ ಅಂತರ 14 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಈ ಎರಡು ಅಳತೆ ಸರಿಯಿದ್ದರೆ ಮಗು ಕೆಳಕ್ಕೆ ಜಾರಿ ಮುದ್ದೆಯಾಗುವುದು ತಪ್ಪುತ್ತದೆ. ಅಂಗಡಿಗೆ ಹೋಗುವಾಗ ಟೇಪು ಒಯ್ಯುವುದು ಒಳ್ಳೆಯದು.

ಸೀಟನ್ನು ಹಿಂದಿನ ಸಾಲಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕಟ್ಟಬೇಕು. ಮುಂದಿನ ಸೀಟಿನಲ್ಲಿ, ಗಾಳಿಚೀಲದ ಎದುರು ಇದನ್ನು ಇಡುವುದು ಮಾರಕ. ಒರಗು ಸುಮಾರು 45 ಡಿಗ್ರಿ ಇರಬೇಕು. ಹೆಚ್ಚು ನೆಟ್ಟಗಾದರೆ ತಲೆ ಮುಂದಕ್ಕೆ ಬೀಳುತ್ತದೆ, ತೀರಾ ಅಡ್ಡವಾದರೆ ಢಿಕ್ಕಿಯಲ್ಲಿ ಮಗು ಸೀಟಿನಿಂದ ಜಾರುತ್ತದೆ. ಸೀಟಿನ ಬದಿಯ ಗುರುತು ನೋಡಿ ಒರಗನ್ನು ಹೊಂದಿಸಬೇಕು. ಕಾರಿನ ಆಸನವೇ ಇಳಿಜಾರಾಗಿದ್ದರೆ, ತಯಾರಕರ ಕೈಪಿಡಿ ಒಪ್ಪಿದರೆ ಮಾತ್ರ, ಅಡಿಯಲ್ಲಿ ಗಟ್ಟಿಯಾಗಿ ಸುತ್ತಿದ ಟವೆಲ್ ಇಟ್ಟು ಸರಿಪಡಿಸಬಹುದು. ಕಟ್ಟಿದ ಮೇಲೆ ಬೆಲ್ಟು ಹಾದುಹೋದ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಸೀಟು ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಕದಲಬಾರದು.

ಮಗುವಿನ ಬೆನ್ನೂ ಕುಂಡೆಯೂ ಸೀಟಿಗೆ ಪೂರ್ತಿ ಒತ್ತಿಕೊಂಡಿರಬೇಕು. ತಲೆಯಿಂದ ಸೊಂಟದವರೆಗೆ ಎರಡೂ ಪಕ್ಕದಲ್ಲಿ ಸಣ್ಣ ಹೊದಿಕೆಯನ್ನು ಸುರುಳಿ ಸುತ್ತಿ ಇಟ್ಟರೆ ತಿರುವುಗಳಲ್ಲಿ ಮೈ ವಾಲುವುದಿಲ್ಲ. ತೊಡೆಗಳ ನಡುವೆ, ಪಟ್ಟಿಗೆ ಆನಿಸಿ ಒಂದು ಸಣ್ಣ ಬಟ್ಟೆಯ ಸುರುಳಿ ಇಟ್ಟರೆ ಕೆಳಕ್ಕೆ ಜಾರುವುದಿಲ್ಲ. ಬೆನ್ನ ಹಿಂದೆ, ತಲೆಯ ಹಿಂದೆ, ಮೈಯಡಿಯಲ್ಲಿ ದಿಂಬಾಗಲಿ ಮಡಿಸಿದ ಸೀರೆಯಾಗಲಿ ಬೇಡವೇ ಬೇಡ. ತಲೆದಿಂಬು ಕತ್ತನ್ನು ಮುಂದಕ್ಕೆ ತಳ್ಳುತ್ತದೆ. ಭುಜದ ಪಟ್ಟಿ ಭುಜದ ಮಟ್ಟದಿಂದ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಬರಬೇಕು, ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗದಷ್ಟು ಬಿಗಿಯಾಗಿರಬೇಕು. ದಪ್ಪ ಸ್ವೆಟರ್ ಹಾಕಿ ಪಟ್ಟಿ ಕಟ್ಟಿದರೆ ಬಿಗಿಯೆಲ್ಲ ಸುಳ್ಳು. ತೆಳು ಹತ್ತಿ ಬಟ್ಟೆ, ಟೊಪ್ಪಿ, ಕಾಲುಚೀಲ ತೊಡಿಸಿ ಪಟ್ಟಿ ಕಟ್ಟಿ, ಅದರ ಮೇಲೆ ಹೊದಿಕೆ ಹೊದಿಸುವುದೇ ಸರಿಯಾದ ಕ್ರಮ. ಹೊದಿಕೆ ಎದೆಯ ಮಟ್ಟಕ್ಕೆ ನಿಲ್ಲಬೇಕು. ದೃಷ್ಟಿಯಾಗದಿರಲಿ, ಬಿಸಿಲು ತಾಗದಿರಲಿ ಎಂದು ಮುಖದ ಮೇಲೆ ಸೆರಗು ಅಥವಾ ಪಂಚೆ ಮುಚ್ಚುವ ಅಭ್ಯಾಸ ಈ ಮಕ್ಕಳ ವಿಷಯದಲ್ಲಿ ಅಪಾಯಕಾರಿ. ಬಿಸಿಲಿಗೆ ಕಿಟಕಿಯ ಗಾಜಿಗೆ ಪರದೆ ಹಾಕಬೇಕು, ಮಗುವಿನ ಮುಖಕ್ಕಲ್ಲ.

ಬಾಡಿಗೆ ಟ್ಯಾಕ್ಸಿಯಾದರೆ ಇನ್ನೊಂದು ತೊಡಕು: ಹಿಂದಿನ ಬೆಲ್ಟಿನ ಬಕಲ್‌ಗಳು ಸೀಟ್ ಕವರಿನ ಅಡಿಯಲ್ಲಿ ಹುದುಗಿಹೋಗಿರುತ್ತವೆ. ಹಿಂದಿನ ದಿನವೇ ವಾಹನ ತರಿಸಿ, ಬಕಲ್ ಹೊರತೆಗೆಸಿ, ಸೀಟು ಕೂರುತ್ತದೆಯೇ, ಬೆಲ್ಟು ಸೀಟನ್ನು ಸುತ್ತಿ ಬರುವಷ್ಟು ಉದ್ದವಿದೆಯೇ ನೋಡಿಕೊಳ್ಳಬೇಕು. ಹೊರಡುವ ಗಳಿಗೆಯಲ್ಲಿ ಆಸ್ಪತ್ರೆಯ ಗೇಟಿನ ಮುಂದೆ ಈ ಕೆಲಸ ನೆಟ್ಟಗೆ ಆಗದು.

ಸೀಟಿಗೆ ಸಾಲದಷ್ಟು ಚಿಕ್ಕದಾದ, ಅಥವಾ ಒರಗಿ ಕೂತರೆ ಆಮ್ಲಜನಕ ಇಳಿಯುವ ಮಗುವಿಗೆ ವಿದೇಶಗಳಲ್ಲಿ ಕಾರ್ ಬೆಡ್ ಎಂಬ ಮಟ್ಟಸ ತೊಟ್ಟಿಲು ಸಿಗುತ್ತದೆ; ಅದನ್ನು ಬೆಲ್ಟಿನಿಂದ ಭದ್ರವಾಗಿ ಕಟ್ಟಬಹುದು. ಇಲ್ಲಿ ಅದು ಸುಲಭವಾಗಿ ಸಿಗದು. ಅಂಥ ಮಗುವಿನ ಪ್ರಯಾಣವನ್ನು ಮುಂದೂಡುವುದು ಮೊದಲ ಆಯ್ಕೆ. ಹೋಗಲೇಬೇಕಿದ್ದರೆ ಆಂಬ್ಯುಲೆನ್ಸ್ ಎರಡನೆಯದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ, ಅಲ್ಲಿ ಚಿಕಿತ್ಸೆ ಪಡೆದ ಶಿಶುಗಳಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಮನೆಗೆ ಉಚಿತ ವಾಹನದ ಹಕ್ಕಿದೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ನಗು-ಮಗು ವಾಹನಗಳಿವೆ. ಕಾರಿನ ಎರಡು ಆಸನಗಳ ನಡುವೆ ಕಟ್ಟುವ ಬಟ್ಟೆಯ ಜೋಳಿಗೆ ಮಾತ್ರ ಯಾವ ಕಾರಣಕ್ಕೂ ಬೇಡ. ಅದರಲ್ಲಿ ಮಗು ಬಿಲ್ಲಿನಂತೆ ಬಾಗಿ ಕತ್ತು ಮಡಚುತ್ತದೆ, ಬ್ರೇಕು ಹಾಕಿದರೆ ತೂರಿಹೋಗುತ್ತದೆ.

ಕಾವು

ದಿನ ತುಂಬದ ಕೂಸಿನ ಚರ್ಮದಡಿ ಕೊಬ್ಬು ಕಡಿಮೆ. ಮೈ ಬೇಗ ತಣ್ಣಗಾಗುತ್ತದೆ. ಕಂಕುಳಲ್ಲಿ ಅಳೆದ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಪದೇ ಪದೇ ಹಚ್ಚಲಾಗದಿದ್ದರೆ ಕೈಯ ಹಿಂಬದಿಯಿಂದ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡುವ ಕ್ರಮವನ್ನು ನರ್ಸುಗಳು ಕಲಿಸುತ್ತಾರೆ: ಎರಡೂ ಬೆಚ್ಚಗಿದ್ದರೆ ಸರಿ, ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಚಳಿ ಹಿಡಿಯುತ್ತಿದೆ, ಎರಡೂ ತಣ್ಣಗಿದ್ದರೆ ಅಪಾಯ. ಕಾರಿನ ಒಳಗೆ 25ರಿಂದ 28 ಡಿಗ್ರಿ ಇರುವಂತೆ ಎ.ಸಿ.ಯನ್ನು ಹೊಂದಿಸಬೇಕು, ಗಾಳಿಯ ಕಿಂಡಿ ಮಗುವಿನ ಕಡೆಗೆ ತಿರುಗಿರಬಾರದು. ದೊಡ್ಡವರಿಗೆ ಸ್ವಲ್ಪ ಸೆಕೆ ಎನಿಸುವ ಕಾವು ಕೂಸಿಗೆ ಹಿತ. ಹಾಗೆಂದು ಮೂರು ನಾಲ್ಕು ಸುತ್ತು ಸುತ್ತಿ ಬೇಯಿಸಲೂಬಾರದು. ಮೈ ಅತಿಯಾಗಿ ಬಿಸಿಯಾದರೂ ಉಸಿರು ತಪ್ಪುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಹತ್ತು ನಿಮಿಷದಲ್ಲೇ ಸುಮಾರು ಹತ್ತು ಡಿಗ್ರಿ ಕಾವು ಏರುತ್ತದೆ. ಟೀ ಕುಡಿದು ಬರುವಷ್ಟು ಹೊತ್ತೂ ಮಗುವನ್ನು ಒಳಗೆ ಬಿಟ್ಟು ಹೋಗುವಂತಿಲ್ಲ. ಕಾರಿನಲ್ಲಿ ಬೀಡಿ ಸಿಗರೇಟು, ಊದುಕಡ್ಡಿ, ಸುಗಂಧದ ಡಬ್ಬಿ ಯಾವುದೂ ಇರಬಾರದು.

ದಾರಿಯ ಲೆಕ್ಕ

ಬ್ರಿಟನ್ನಿನಲ್ಲಿ ಮೊದಲ ಕೆಲವು ವಾರ ಒಂದೇ ಸಲ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಮಗುವನ್ನು ಕಾರ್ ಸೀಟಿನಲ್ಲಿ ಕೂರಿಸಬೇಡಿ ಎನ್ನುತ್ತಾರೆ. ದೊಡ್ಡ ಶಿಶುಗಳಿಗೂ ಎರಡು ಗಂಟೆ ಮಿತಿ. ಅರ್ಧ ಗಂಟೆಗೊಮ್ಮೆ ಹೆದ್ದಾರಿಯಲ್ಲಿ ಸುರಕ್ಷಿತ ಜಾಗ ಹುಡುಕಿ ನಿಲ್ಲುವುದು ಕಷ್ಟ. ಹಾಗಿದ್ದರೂ ಒಂದು ಗಂಟೆ ಮೀರದಂತೆ ದಾರಿಯನ್ನು ಕತ್ತರಿಸಿಕೊಳ್ಳಬೇಕು. ಪರೀಕ್ಷೆ ಮಾಡಿಸಿದ್ದರೆ, ಅದರಲ್ಲಿ ತಡೆದುಕೊಂಡ ಅವಧಿಯನ್ನು ಯಾವ ಹಂತದಲ್ಲೂ ದಾಟಬಾರದು.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟ ಕುಟುಂಬವನ್ನು ತೆಗೆದುಕೊಂಡರೆ ಲೆಕ್ಕ ಹೀಗಾಗುತ್ತದೆ. ಸುಮಾರು 300 ಕಿಲೋಮೀಟರ್. ದೊಡ್ಡವರು ಐದಾರು ಗಂಟೆಯಲ್ಲಿ ಮುಗಿಸುವ ದಾರಿ. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ಹೀಗೆ ಊರೂರಿಗೆ ನಿಂತು, ಪ್ರತಿ ಸಲ ಅರ್ಧ ಗಂಟೆ ಮಗುವನ್ನು ಸೀಟಿನಿಂದ ಹೊರತೆಗೆದರೆ ಅದು ಒಂಬತ್ತು ಗಂಟೆಯಾಗುತ್ತದೆ. ಹೆರಿಗೆಯ ಅಥವಾ ಸಿಸೇರಿಯನ್ನಿನ ನೋವಿನಲ್ಲಿರುವ ತಾಯಿಗೂ ಅಷ್ಟು ಹೊತ್ತು ಕೂರುವುದು ಸಲ್ಲದು. ತಿಪಟೂರಿನಲ್ಲೋ ಅರಸೀಕೆರೆಯಲ್ಲೋ ರಾತ್ರಿ ತಂಗಿ, ಎರಡು ದಿನದಲ್ಲಿ ಸೇರುವುದೇ ಸರಿಯಾದ ತೀರ್ಮಾನ. ಹೊರಡುವ ಮುನ್ನ ದಾರಿಯ ಆಸ್ಪತ್ರೆಗಳನ್ನು ಗುರುತು ಹಾಕಿಕೊಳ್ಳಬೇಕು. ಈ ದಾರಿಯಲ್ಲಾದರೆ ತುಮಕೂರಿನ ಜಿಲ್ಲಾಸ್ಪತ್ರೆ, ನಡುವಿನ ತಾಲ್ಲೂಕು ಆಸ್ಪತ್ರೆಗಳು, ಕೊನೆಯಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ.

ರಾತ್ರಿ ಪ್ರಯಾಣ ಬೇಡ. ಟ್ರಾಫಿಕ್ ಕಡಿಮೆ, ಮಗು ಮಲಗಿರುತ್ತದೆ ಎಂದು ಹಲವರು ರಾತ್ರಿಯನ್ನೇ ಆರಿಸುತ್ತಾರೆ. ಆದರೆ ಕತ್ತಲಲ್ಲಿ ಮಗುವಿನ ತುಟಿಯ ಬಣ್ಣ ಕಾಣುವುದಿಲ್ಲ, ಎದೆಯ ಏರಿಳಿತ ಕಾಣುವುದಿಲ್ಲ, ನೋಡಬೇಕಾದವರಿಗೂ ನಿದ್ದೆ ಬರುತ್ತದೆ. ಬೆಳಕು ಹರಿದ ಮೇಲೆ ಹೊರಟು ಸಂಜೆಗೆ ಮುನ್ನ ಮುಟ್ಟಬೇಕು. ಕರಾವಳಿಯ ಕಡೆಯವರು ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳ ಸ್ಥಿತಿ ತಿಳಿದೇ ಹೊರಡಬೇಕು. ಗುಡ್ಡ ಕುಸಿದು ಗಂಟೆಗಟ್ಟಲೆ ನಿಲ್ಲಬೇಕಾದ ದಾರಿಯಲ್ಲಿ ಕೂಸಿಗೆ ಹಾಲೂ ಇಲ್ಲ, ಆಸ್ಪತ್ರೆಯೂ ಇಲ್ಲ. ಘಾಟಿಯ ತಿರುವುಗಳಲ್ಲಿ, ಹಂಪುಗಳ ಮೇಲೆ ವೇಗ ತಗ್ಗಿಸಲು ಚಾಲಕನಿಗೆ ಮೊದಲೇ ಹೇಳಿರಬೇಕು.

ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು, ಮತ್ತು ಅದು ಕಾರು ನಿಂತಿರುವಾಗ, ಮಗುವನ್ನು ಸೀಟಿನಿಂದ ತೆಗೆದು ಕುಡಿಸಬೇಕಾದದ್ದು. ಓಡುವ ಕಾರಿನಲ್ಲಿ ಮೊಲೆಯೂಡುವುದಾಗಲಿ, ಒಳಲೆಯಲ್ಲೋ ಬಾಟಲಿಯಲ್ಲೋ ಹಾಲು ಹಾಕುವುದಾಗಲಿ ಬೇಡ. ಒಂದು ಹಂಪಿಗೆ ಹಾಲು ಶ್ವಾಸನಾಳಕ್ಕೆ ಇಳಿದೀತು. ಕುಡಿಸಿ, ತೇಗು ಬರಿಸಿ, ಹದಿನೈದು ಇಪ್ಪತ್ತು ನಿಮಿಷ ಹೆಗಲಿಗೆ ಆನಿಸಿಕೊಂಡಿದ್ದು ಆಮೇಲೆ ಸೀಟಿಗೆ ಕೂರಿಸಬೇಕು. ಹಿಂಡಿಟ್ಟ ಎದೆಹಾಲು 25 ಡಿಗ್ರಿ ಕಾವಿನಲ್ಲಿ ನಾಲ್ಕು ಗಂಟೆ ತಡೆಯುತ್ತದೆ. ಬೇಸಿಗೆಯ ಕಾರಿನಲ್ಲಿ ಅಷ್ಟನ್ನೂ ನಂಬಬಾರದು. ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಒಂದು ದಿನ ಕೆಡದು. ಬಿಸಿನೀರಿನ ಬಟ್ಟಲಿನಲ್ಲಿಟ್ಟು ಬೆಚ್ಚಗೆ ಮಾಡಿ, ಕುದಿಸಿ ಒಯ್ದ ಒಳಲೆಯಲ್ಲಿ ಕುಡಿಸಬೇಕು. ಹೋಟೆಲಿನ ನೀರಿನಲ್ಲಿ ಒಳಲೆ ತೊಳೆಯುವ ಬದಲು ಮೂರು ನಾಲ್ಕನ್ನು ಬೇರೆ ಬೇರೆ ಡಬ್ಬಿಯಲ್ಲಿ ಒಯ್ಯಬಹುದು.

ನಿಂತ ಹೊತ್ತಿನಲ್ಲಿ ಮಗುವನ್ನು ತಾಯಿಯ ಬರಿಯೆದೆಗೆ ಅಪ್ಪಿಸಿ ಮೇಲೆ ಹೊದಿಸುವುದು ಬಹಳ ಉಪಯುಕ್ತ. ಕೊಲಂಬಿಯದ ಬೊಗೊಟಾದಲ್ಲಿ 1970ರ ದಶಕದ ಕೊನೆಯಲ್ಲಿ ಶುರುವಾದ ಈ ಕಾಂಗರೂ ಆರೈಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ದಿನಕ್ಕೆ 8ರಿಂದ 24 ಗಂಟೆ ನೀಡಬೇಕೆಂದು ಸೂಚಿಸಿತು. ಮೈ ಬೆಚ್ಚಗಾಗುತ್ತದೆ, ಉಸಿರು ಸಮಗೊಳ್ಳುತ್ತದೆ, ತಾಯಿಗೆ ಹಾಲು ಇಳಿಯುತ್ತದೆ. ಇನ್‌ಕ್ಯುಬೇಟರ್ ಇಲ್ಲದ ಆಂಬ್ಯುಲೆನ್ಸಿನಲ್ಲೂ ಇದನ್ನು ಬಳಸುತ್ತಾರೆ. ಆದರೆ ಓಡುವ ಸ್ವಂತ ಕಾರಿನಲ್ಲಿ ಅದು ಮಡಿಲಷ್ಟೇ ಅಸುರಕ್ಷಿತ.

ಕಣ್ಣಿಡುವವರು

ಹಿಂದಿನ ಸಾಲಿನಲ್ಲಿ, ಮಗುವಿನ ಪಕ್ಕದಲ್ಲಿ, ಎಚ್ಚರವಾಗಿರುವ ಒಬ್ಬರು ಇರಲೇಬೇಕು. ಅವರಿಗೆ ಬೇರೆ ಕೆಲಸ ಇರಬಾರದು, ಕೈಯಲ್ಲಿ ಮೊಬೈಲ್ ಇರಬಾರದು. ತಾಯಿ ದಣಿದಿರುತ್ತಾಳೆ, ಸರದಿಯ ಮೇಲೆ ನೋಡಲು ಇನ್ನೊಬ್ಬರಿದ್ದರೆ ಒಳ್ಳೆಯದು. ನೋಡಬೇಕಾದದ್ದು ಗದ್ದ ಎದೆಗೆ ತಾಗಿದೆಯೇ, ಎದೆ ಏರಿಳಿಯುತ್ತಿದೆಯೇ, ತುಟಿ ಮತ್ತು ನಾಲಿಗೆಯ ಬಣ್ಣ ಹೇಗಿದೆ ಎಂಬುದು. ಗದ್ದ ಎದೆಗೆ ತಾಗಿದ್ದರೆ ತಲೆಯನ್ನು ಸರಿಪಡಿಸಬೇಕು. ಮತ್ತೆ ಮತ್ತೆ ಬೀಳುತ್ತಿದ್ದರೆ ಕಾರು ನಿಲ್ಲಿಸಿ ಸೀಟಿನ ಒರಗನ್ನು ಹೊಂದಿಸಬೇಕು. ದೊಡ್ಡವರ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೂಸಿಗೆ ಹಾಕಿ ಅದರ ಅಂಕಿಯನ್ನು ನಂಬಬಾರದು, ಅದು ಆ ಗಾತ್ರಕ್ಕೆ ಮಾಡಿದ್ದಲ್ಲ.

ಉಸಿರು ನಿಂತಿತು, ಮೈ ನೀಲಿಯಾಯಿತು ಅಥವಾ ಬಿಳಿಚಿಕೊಂಡು ಜೋತುಬಿತ್ತು ಎಂದರೆ ಕೂಡಲೇ ಕಾರು ನಿಲ್ಲಿಸಿ ಮಗುವನ್ನು ಸೀಟಿನಿಂದ ತೆಗೆದು ಮಟ್ಟಸವಾಗಿ ಮಲಗಿಸಬೇಕು. ತಲೆ ಮುಂದಕ್ಕೂ ಬಾಗದೆ ಹಿಂದಕ್ಕೂ ಅತಿಯಾಗಿ ಚಾಚದೆ ನೇರವಾಗಿರಲಿ. ಅಂಗಾಲನ್ನು ಬೆರಳಿನಿಂದ ತಟ್ಟುವುದು, ಬೆನ್ನನ್ನು ಮೆಲ್ಲಗೆ ಉಜ್ಜುವುದು ಇಷ್ಟರಲ್ಲೇ ಬಹಳ ಮಕ್ಕಳು ಉಸಿರೆಳೆದುಕೊಳ್ಳುತ್ತವೆ. ಮಗುವನ್ನು ಕುಲುಕಬಾರದು, ಮುಖಕ್ಕೆ ನೀರು ಚಿಮುಕಿಸಬಾರದು. ಉಸಿರು ಬರದಿದ್ದರೆ ಬಾಯಿಯಿಂದ ಉಸಿರು ಕೊಟ್ಟು ಎದೆ ಒತ್ತುವ ಕ್ರಮವನ್ನು ತಡಮಾಡದೆ ಶುರುಮಾಡಬೇಕು, ಜೊತೆಗಿರುವವರು 108ಕ್ಕೆ ಕರೆ ಮಾಡಬೇಕು. ಈ ಕ್ರಮವನ್ನು ಓದಿ ಕಲಿಯಲಾಗದು. ಬಿಡುಗಡೆಗೆ ಮುನ್ನ ಘಟಕದ ನರ್ಸಿನಿಂದ ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಬೇಕು. ಮಗು ಚೇತರಿಸಿಕೊಂಡರೂ ಪ್ರಯಾಣ ಅಲ್ಲಿಗೆ ಮುಗಿಯಿತು. ಮುಂದಿನ ನಿಲ್ದಾಣ ಹತ್ತಿರದ ಆಸ್ಪತ್ರೆಯೇ.

ಉಸಿರು ನಿಮಿಷಕ್ಕೆ 60 ದಾಟುವುದು, ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುವುದು, ನರಳುವ ಸದ್ದು, ಎಬ್ಬಿಸಿದರೂ ಏಳದ ಮಂಕು, ಎರಡು ಸಲ ಹಾಲು ಬೇಡವೆನ್ನುವುದು, ಸೆಟೆತ, ಅಂಗೈ ಅಂಗಾಲಿನವರೆಗೆ ಹಳದಿ ಬಣ್ಣ ಇವು ಯಾವುದಿದ್ದರೂ ಊರು ಸೇರಿದ ಮೇಲೆ ನೋಡೋಣ ಎನ್ನುವಂತಿಲ್ಲ.

ಮನೆಯಲ್ಲೂ ಆಮ್ಲಜನಕ ಬೇಕಾದ ಮಗುವಿನ ಪ್ರಯಾಣಕ್ಕೆ ಸಿಲಿಂಡರಿನ ಲೆಕ್ಕ ಮುಖ್ಯ. ನಿಮಿಷಕ್ಕೆ ಅರ್ಧ ಲೀಟರ್ ಹರಿವಿನಂತೆ ಐದು ಗಂಟೆಗೆ 150 ಲೀಟರ್ ಆಗುತ್ತದೆ. ಒಯ್ಯಬೇಕಾದದ್ದು ಅದರ ಎರಡರಷ್ಟು. ಸಿಲಿಂಡರನ್ನು ಉರುಳದಂತೆ ಕಟ್ಟಿರಬೇಕು, ಬೆಂಕಿ ಹತ್ತಿರ ಸುಳಿಯಬಾರದು. ಶ್ವಾಸಕೋಶದ ತೊಂದರೆಯಿರುವ ಇಂಥ ಮಗುವನ್ನು ಮಡಿಕೇರಿ, ಊಟಿಯಂಥ ಎತ್ತರದ ಊರಿಗೆ ಒಯ್ಯುವುದಿದ್ದರೆ ಹರಿವು ಎಷ್ಟಿರಬೇಕೆಂದು ವೈದ್ಯರೇ ಬರೆದುಕೊಡಬೇಕು.

ಮನೆ ಸೇರಿದ ಮೇಲೆ

ಬಾಗಿಲಿಗೆ ಬಂದ ಕೂಡಲೇ ಆರತಿಯ ಹೊಗೆ, ನೆರೆಹೊರೆಯವರ ಗುಂಪು, ಕೈಯಿಂದ ಕೈಗೆ ಮಗು ದಾಟುವುದು ಬೇಡ. ಮಗುವನ್ನು ಸೀಟಿನಲ್ಲೇ ಮಲಗಲು ಬಿಡದೆ ಮಟ್ಟಸವಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಸ್ನಾನ ಆ ದಿನ ಬೇಡ, ಸಾಂಬ್ರಾಣಿಯಂತೂ ಆ ತಿಂಗಳುಗಳಿಗೇ ಬೇಡ. ಸಾಂಬ್ರಾಣಿಯ ಹೊಗೆ ಇಷ್ಟು ಎಳೆಯ ಶ್ವಾಸಕೋಶಕ್ಕೆ ಹಾನಿ. ತಲುಪಿದ ದಿನವೇ ಆಶಾ ಕಾರ್ಯಕರ್ತೆಗೂ ಹತ್ತಿರದ ಆರೋಗ್ಯ ಕೇಂದ್ರಕ್ಕೂ ತಿಳಿಸಿ ಡಿಸ್ಚಾರ್ಜ್ ಚೀಟಿಯ ಪ್ರತಿ ಕೊಟ್ಟಿದ್ದರೆ ಮನೆಭೇಟಿ, ತೂಕ, ಲಸಿಕೆಯ ಸರಣಿ ತಪ್ಪುವುದಿಲ್ಲ. ಮುಂದಿನ ಕೆಲವು ತಪಾಸಣೆಗಳನ್ನು ದೊಡ್ಡ ಆಸ್ಪತ್ರೆಯ ಬದಲು ಜಿಲ್ಲಾಸ್ಪತ್ರೆಯ ವಿಶೇಷ ನವಜಾತ ಶಿಶು ಘಟಕದಲ್ಲೇ ಮಾಡಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿದರೆ ದೂರದ ಪ್ರಯಾಣಗಳು ಎಷ್ಟೋ ತಪ್ಪುತ್ತವೆ.

ಕಣ್ಣಿನ ವಿಷಯ ಬೇರೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ ಎರಡು ಕಿಲೋ ಮೀರದ ಮಗುವಿನ ಅಕ್ಷಿಪಟಲವನ್ನು 30 ದಿನದೊಳಗೆ ತಜ್ಞರು ನೋಡಲೇಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಅಥವಾ 1.2 ಕಿಲೋಗಿಂತ ಕಡಿಮೆಯಿದ್ದರೆ ಎರಡು ಮೂರು ವಾರದಲ್ಲೇ ನೋಡಬೇಕು. ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ತರುವ ಕಾಯಿಲೆಗೆ ಹೊರಗಿನ ಲಕ್ಷಣಗಳಿಲ್ಲ, ಚಿಕಿತ್ಸೆಗೆ ಸಿಗುವ ಕಾಲ ದಿನಗಳಷ್ಟು ಚಿಕ್ಕದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮರಾ ಹೊತ್ತು ಜಿಲ್ಲೆಗಳಿಗೆ ಹೋಗಿ ಚಿತ್ರ ತೆಗೆದು ತಜ್ಞರಿಗೆ ಕಳಿಸುವ ವ್ಯವಸ್ಥೆ ಬಂತು. ಅದರಿಂದ ಹಲವು ಕುಟುಂಬಗಳಿಗೆ ರಾಜಧಾನಿಯ ಪ್ರಯಾಣ ತಪ್ಪಿದೆ. ಹತ್ತಿರದಲ್ಲಿ ಅಂಥ ತಪಾಸಣೆ ಇದೆಯೇ ಎಂದು ಮೊದಲು ವಿಚಾರಿಸಬೇಕು. ಇಲ್ಲದಿದ್ದರೆ ಮೇಲೆ ಹೇಳಿದ ಎಚ್ಚರಗಳೊಂದಿಗೆ ಕಾರು ಹತ್ತಲೇಬೇಕು. ಮಿಕ್ಕ ಪ್ರಯಾಣಗಳನ್ನೆಲ್ಲ ಮುಂದೂಡಬಹುದು, ಕಣ್ಣಿನ ತಪಾಸಣೆಯ ಈ ಪ್ರಯಾಣವನ್ನು ಒಂದು ದಿನವೂ ಮುಂದೂಡಬಾರದು.